ಕೇರಿಯ ಕಾಗದಗಳು

ಕಬ್ಬಿನ ಗದ್ದೆಗಳ ನಡುವಿನ ಆ ಕೇರಿಯಲ್ಲಿ ಅಕ್ಷರ ಬಲ್ಲ ಹಿರಿಯರು ಬಲು ಕಡಿಮೆ. ಊರು ಬಿಟ್ಟುಹೋದ ಮಗನಿಗೋ ತಂಗಿಗೋ ಕಾಗದ ಹಾಕಬೇಕಾದಾಗ ಅವರು ಕೂಗಿ ಕರೆಯುತ್ತಿದ್ದದ್ದು ಒಬ್ಬ ಹುಡುಗನನ್ನು. ಅವನು ಪೆನ್ಸಿಲ್ಲು, ಹಾಳೆ ಹಿಡಿದು ಜಗಲಿಯಲ್ಲಿ ಕೂರುತ್ತಿದ್ದ. ಹೇಳಿ ಬರೆಸುವವರು ತಾನು ಕ್ಷೇಮ, ನೀನೂ ಕ್ಷೇಮವೆಂದು ನಂಬಿದ್ದೇನೆ ಅನ್ನುವಷ್ಟು ಹೇಳಿ ನಿಲ್ಲಿಸಿಬಿಡುತ್ತಿದ್ದರು. ಆಮೇಲೆ ಏನು ಹೇಳಬೇಕೆಂದು ತೋಚದೆ ಎದ್ದು ಕೈತೋಟದ ಕಡೆ ಹೋಗುವವರೂ ಇದ್ದರು. ಆದರೆ ಹಾಳೆಯ ಎರಡೂ ಮಗ್ಗುಲು ತುಂಬದಿದ್ದರೆ ಅವರಿಗೆ ಸಮಾಧಾನವಿಲ್ಲ. ಹುಡುಗ ತಾನೇ ಯೋಚಿಸಿ ತುಂಬಿಸಬೇಕು: ತೋಟದಲ್ಲಿ ಏನು ಬೆಳೆದಿದೆ, ಯಾರಿಗೆ ಕಾಯಿಲೆ, ಯಾರು ತೀರಿಕೊಂಡರು, ಮಳೆ ಹೇಗಿದೆ. ಬರೆದದ್ದನ್ನು ಓದಿ ಹೇಳಿದಾಗ ಆ ಮುದುಕಿಗೆ ಇದು ತನ್ನದೇ ಮಾತು ಅನ್ನಿಸಬೇಕು. ಅನ್ನಿಸದಿದ್ದರೆ ಮತ್ತೆ ಬರೆಯಬೇಕು.

ಆ ಹುಡುಗ ಅರ್ನೆಸ್ಟ್ ಜೆ. ಗೇನ್ಸ್. ಮುಂದೆ ಅಮೆರಿಕದ ದಕ್ಷಿಣದ ಹಳ್ಳಿಯ ಕಪ್ಪು ಜನರ ಬದುಕನ್ನು ಕಾದಂಬರಿಗೆ ತಂದವರು, ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದವರು, ಇಬ್ಬರು ಅಧ್ಯಕ್ಷರ ಕೈಯಿಂದ ರಾಷ್ಟ್ರೀಯ ಪದಕ ಪಡೆದವರು. ಅವರ ಪುಸ್ತಕಗಳನ್ನೆಲ್ಲ ಒಟ್ಟಿಗೆ ಇಟ್ಟುಕೊಂಡು ನೋಡಿದಾಗ ನನಗೆ ಕಾಣುವುದು ಒಂದೇ ಕೆಲಸ. ಜಗಲಿಯಲ್ಲಿ ಶುರುವಾದ ಆ ಕಾಗದವನ್ನು ಅವರು ಎಂಬತ್ತು ದಾಟುವವರೆಗೂ ಬರೆಯುತ್ತಲೇ ಇದ್ದರು.

ಗೇನ್ಸ್ ಹುಟ್ಟಿದ್ದು 1933ರ ಜನವರಿ 15ರಂದು, ಲೂಯಿಸಿಯಾನದ ಪಾಯಿಂಟ್ ಕೂಪೀ ಎಂಬ ಪ್ಯಾರಿಷ್‌ನಲ್ಲಿ. ಪ್ಯಾರಿಷ್ ಎಂದರೆ ಅಲ್ಲಿ ಜಿಲ್ಲೆ. ಆಸ್ಕರ್ ಎಂಬ ಸಣ್ಣ ಊರಿನ ಬಳಿ ರಿವರ್ ಲೇಕ್ ಪ್ಲಾಂಟೇಶನ್ ಇತ್ತು. ಅದರ ಮುಂದೆ ಫಾಲ್ಸ್ ರಿವರ್. ಹೆಸರಿಗೆ ನದಿ, ನಿಜದಲ್ಲಿ ಕೆರೆ. ಹದಿನೆಂಟನೆಯ ಶತಮಾನದಲ್ಲಿ ಮಿಸಿಸಿಪ್ಪಿ ದಿಕ್ಕು ಬದಲಿಸಿ ಹರಿದಾಗ ಹಳೆಯ ಪಾತ್ರ ಬಿಲ್ಲಿನಂತೆ ಬಾಗಿ ಹಿಂದೆ ಉಳಿದುಬಿಟ್ಟಿತು. ಕೆರೆಯ ದಡದಲ್ಲಿ ಯಜಮಾನರ ದೊಡ್ಡ ಮನೆ, ಅದರ ಹಿಂದೆ ಗದ್ದೆಯ ಕಡೆಗೆ ಹೋಗುವ ಮಣ್ಣಿನ ಹಾದಿ, ಹಾದಿಯ ಎರಡು ಬದಿಗೂ ಮರದ ಗುಡಿಸಲುಗಳು. ಗುಲಾಮಗಿರಿಯ ಕಾಲದಲ್ಲಿ ಆಳುಗಳಿಗೆಂದು ಕಟ್ಟಿದ ಕೇರಿ ಅದು. ಚೆರೀ ಕ್ವಾರ್ಟರ್ಸ್ ಎನ್ನುತ್ತಿದ್ದರು. ಗುಲಾಮಗಿರಿ ಕಾನೂನಿನಲ್ಲಿ ಹೋಗಿ ಅರವತ್ತೆಂಟು ವರ್ಷವಾಗಿದ್ದರೂ ಅದೇ ಸಾಲಿನಲ್ಲಿ ಅದೇ ಮನೆತನಗಳು ಬದುಕುತ್ತಿದ್ದವು. ಆ ನೆಲದಲ್ಲಿ ಗೇನ್ಸ್ ಮನೆತನದ ಐದನೆಯ ತಲೆಮಾರು ಅರ್ನೆಸ್ಟ್.

ಬಿಡುಗಡೆಯಾದ ಜನ ಅಲ್ಲೇ ಯಾಕೆ ಉಳಿದರು ಎಂದು ಕೇಳಬಹುದು. ನೆಲ ಅವರದಾಗಲಿಲ್ಲ, ಅಷ್ಟೆ. ಯಜಮಾನನ ಹೊಲವನ್ನು ಕೋರಿಗೆ ಮಾಡಬೇಕು, ಬೆಳೆಯಲ್ಲಿ ಪಾಲು ಕೊಡಬೇಕು, ಸಾಲ ತೀರದೆ ಮುಂದಿನ ವರ್ಷಕ್ಕೆ ಅಲ್ಲೇ ನಿಲ್ಲಬೇಕು. ಆ ಕೋರಿನ ಹೊಲದಲ್ಲೂ ಒಳ್ಳೆಯ ಭಾಗ ಫ್ರೆಂಚ್ ಮೂಲದ ಬಿಳಿ ರೈತರಾದ ಕೇಜನ್ನರಿಗೆ ಸಿಗುತ್ತಿತ್ತು. ಎಂಟು ಒಂಬತ್ತರ ಹುಡುಗ ಅರ್ನೆಸ್ಟ್ ದಿನಕ್ಕೆ 50 ಸೆಂಟಿಗೆ ಆಲೂಗಡ್ಡೆ ಅಗೆದಿದ್ದಾನೆ. ಶಾಲೆ ನಡೆಯುತ್ತಿದ್ದದ್ದು ಕೇರಿಯ ಚರ್ಚಿನಲ್ಲೇ, ವರ್ಷಕ್ಕೆ ಐದಾರು ತಿಂಗಳು ಮಾತ್ರ. ಉಳಿದ ತಿಂಗಳು ಮಕ್ಕಳು ಹೊಲಕ್ಕೆ ಬೇಕು. ಬೆಂಚೇ ಮೇಜು, ಬೆಂಚೇ ಆಸನ. ಈ ಚರ್ಚಿನ ಕಟ್ಟಡವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಕಥೆಯ ಕೊನೆಗೆ ಅದು ಮತ್ತೆ ಬರುತ್ತದೆ.

ತಂದೆ ಮಗ ಚಿಕ್ಕವನಿದ್ದಾಗಲೇ ಮನೆ ಬಿಟ್ಟುಹೋದ. ತಾಯಿ ದುಡಿಮೆ ಹುಡುಕಿಕೊಂಡು ಪಟ್ಟಣಕ್ಕೆ ಹೋದಳು. ಮಕ್ಕಳನ್ನು ಸಾಕಿದ್ದು ಆಗಸ್ಟೀನ್ ಜೆಫರ್ಸನ್, ವರಸೆಯಲ್ಲಿ ಚಿಕ್ಕಜ್ಜಿ. ಆಕೆಗೆ ಹುಟ್ಟಿನಿಂದ ಕಾಲಿಲ್ಲದಂತೆಯೇ. ಒಂದು ದಿನವೂ ಎದ್ದು ನಡೆದವಳಲ್ಲ. ನೆಲದ ಮೇಲೆ ತೆವಳಿಕೊಂಡೇ ಅಡುಗೆ, ತೆವಳಿಕೊಂಡೇ ತೋಟದ ಕಳೆ. ಬಟ್ಟೆಯನ್ನು ಬೆಂಚಿನ ಮೇಲೆ ಕೂತು ಒಗೆಯುತ್ತಿದ್ದಳು. ಹುಡುಗರು ತಪ್ಪು ಮಾಡಿದರೆ ಮರದಿಂದ ಬರಲು ಮುರಿದುಕೊಂಡು ಬಾ ಅನ್ನುತ್ತಿದ್ದಳು. ಅವರೇ ತಂದುಕೊಟ್ಟು, ಅವಳೆದುರು ಬಾಗಿ, ಏಟು ತಿನ್ನಬೇಕು. ಓಡಿಹೋದರೆ ಆಕೆ ಹಿಡಿಯಲಾರಳು. ಆದರೂ ಯಾರೂ ಓಡಲಿಲ್ಲ. ಆಕೆ ಯಾರ ಮನೆಗೂ ಹೋಗಲಾರದ್ದರಿಂದ ಕೇರಿಯೇ ಆಕೆಯ ಜಗಲಿಗೆ ಬರುತ್ತಿತ್ತು. ಬಂದವರಿಗೆ ಕಾಫಿ, ನೀರು ಕೊಡುವುದು ಅರ್ನೆಸ್ಟನ ಕೆಲಸ. ಕೊಟ್ಟು ಅಲ್ಲೇ ನಿಲ್ಲುತ್ತಿದ್ದ. ಹಳೆಯ ಯಜಮಾನರ ಸುದ್ದಿ, 1927ರ ಮಹಾಪೂರ, ಸತ್ತವರು, ಓಡಿಹೋದವರು, ಎಲ್ಲವೂ ಅವನ ಕಿವಿಗೆ ಬಿದ್ದದ್ದು ಹೀಗೆ. ಮುಂದೆ ತಮ್ಮ ಅತ್ಯಂತ ಪ್ರಸಿದ್ಧ ಕಾದಂಬರಿಯನ್ನು ಅವರು ಅರ್ಪಿಸಿದವರಲ್ಲಿ ಆಗಸ್ಟೀನ್ ಕೂಡ ಒಬ್ಬಳು.

ನ್ಯೂ ರೋಡ್ಸ್ ಪಟ್ಟಣದ ಕ್ಯಾಥೊಲಿಕ್ ಶಾಲೆಯಲ್ಲಿ ಮೂರು ವರ್ಷ ಓದಿದ ಮೇಲೆ ಹುಡುಗನಿಗೆ ದಾರಿ ಮುಗಿಯಿತು. ಹತ್ತಿರದಲ್ಲಿ ಕಪ್ಪು ಮಕ್ಕಳಿಗೆ ಹೈಸ್ಕೂಲಿರಲಿಲ್ಲ. ಸಾರ್ವಜನಿಕ ಗ್ರಂಥಾಲಯಕ್ಕೆ ಅವರಿಗೆ ಪ್ರವೇಶವಿರಲಿಲ್ಲ. ಯುದ್ಧದ ಕಾಲದಲ್ಲಿ ದಕ್ಷಿಣದಿಂದ ಲಕ್ಷಾಂತರ ಕಪ್ಪು ಜನ ಉತ್ತರಕ್ಕೆ, ಪಶ್ಚಿಮಕ್ಕೆ ಕೆಲಸ ಹುಡುಕಿ ಹೋಗಿದ್ದರು. ಅವನ ತಾಯಿ ಮತ್ತು ಮಲತಂದೆಯೂ ಆ ಹೊಳೆಯಲ್ಲಿ ಸೇರಿ ಕ್ಯಾಲಿಫೋರ್ನಿಯಾದ ವಲೇಹೋ ತಲುಪಿದ್ದರು. ಮಲತಂದೆ ರಾಫೆಲ್ ಕೋಲರ್ ಸರಕು ಹಡಗುಗಳಲ್ಲಿ ಕೆಲಸ ಮಾಡುತ್ತಿದ್ದವರು. 1948ರಲ್ಲಿ, ಹದಿನೈದನೆಯ ವಯಸ್ಸಿಗೆ, ಅರ್ನೆಸ್ಟ್ ಅವರ ಬಳಿಗೆ ಹೊರಟ. ಆಗಸ್ಟೀನ್ ಅಜ್ಜಿ ಕೇರಿಯಲ್ಲೇ ಉಳಿದಳು. 1953ರಲ್ಲಿ ತೀರಿಕೊಂಡಳು.

ವಲೇಹೋದಲ್ಲಿ ಹುಡುಗ ಬೀದಿ ಹುಡುಗರ ಜೊತೆ ಕಾಲ ಕಳೆಯುವುದನ್ನು ಕಂಡ ಮಲತಂದೆ ಒಂದು ದಿನ ಗದರಿದರು: ಬೀದಿ ಬಿಡು, ಎಲ್ಲಿಗಾದರೂ ಹೋಗು. ಸಿನಿಮಾಗೆ ಕಾಸಿಲ್ಲ. ವ್ಯಾಯಾಮಶಾಲೆಗೆ ಹೋಗಿ ಬಾಕ್ಸಿಂಗ್ ಬಲ್ಲವನ ಕೈಲಿ ಪೆಟ್ಟು ತಿಂದು ಬಂದ. ಉಳಿದದ್ದು ಗ್ರಂಥಾಲಯ, ಅಲ್ಲಿಗೆ ಹಣ ಬೇಡ. ಜೀವನದಲ್ಲಿ ಮೊದಲ ಸಲ ಗ್ರಂಥಾಲಯದ ಒಳಗೆ ಕಾಲಿಟ್ಟ. ಯಾರೂ ಹೊರಗೆ ಹೋಗು ಅನ್ನಲಿಲ್ಲ. ಅವನು ಹುಡುಕಿದ್ದು ತನ್ನ ಊರನ್ನು, ತನ್ನ ಜನರನ್ನು. ಸಿಗಲಿಲ್ಲ. ಸಿಕ್ಕ ಕಡೆಯೂ ಬಿಳಿಯ ಲೇಖಕರ ಕಪ್ಪು ಪಾತ್ರಗಳು ಅವನು ಬಲ್ಲ ಯಾರ ಹಾಗೂ ಮಾತಾಡುತ್ತಿರಲಿಲ್ಲ. ಹಳ್ಳಿಯ ಬಗ್ಗೆ ಬರೆದ ಯಾರಾದರೂ ಸರಿ ಎಂದು ಹುಡುಕುತ್ತ ಅವನು ರಷ್ಯನ್ನರ ಹತ್ತಿರ ಬಂದ. ತುರ್ಗೆನೆವ್, ಗೊಗೊಲ್, ಚೆಕಾಫ್, ಟಾಲ್‌ಸ್ಟಾಯ್. ಅವರ ಜೀತದ ರೈತರು ನಗುತ್ತಿದ್ದರು, ಕುಡಿಯುತ್ತಿದ್ದರು, ಸುಳ್ಳು ಹೇಳುತ್ತಿದ್ದರು, ದುಃಖಪಡುತ್ತಿದ್ದರು, ಮನುಷ್ಯರಾಗಿದ್ದರು. ಅವರಲ್ಲೂ ತನ್ನ ಕೇರಿ ಇಲ್ಲ ಎಂಬುದು ಹುಡುಗನಿಗೆ ಗೊತ್ತಿತ್ತು. ಆದರೆ ಕೇರಿಯನ್ನು ಬರೆಯಬಹುದು ಎಂಬ ಧೈರ್ಯ ಅಲ್ಲಿಂದ ಬಂತು.

ಹದಿನಾರು ಹದಿನೇಳರಲ್ಲಿ ಒಂದು ಕಾದಂಬರಿ ಬರೆದೇಬಿಟ್ಟ. ತಾಯಿ ಬಾಡಿಗೆಗೆ ಟೈಪ್‌ರೈಟರ್ ತಂದುಕೊಟ್ಟಳು. ತೊಟ್ಟಿಲ ಕೂಸಾಗಿದ್ದ ತಮ್ಮನನ್ನು ನೋಡಿಕೊಳ್ಳುತ್ತ ಕುಟ್ಟಿದ. ಪುಸ್ತಕದ ಹಾಗೆ ಕಾಣಲಿ ಎಂದು ಹಾಳೆಗಳನ್ನು ಅರ್ಧಕ್ಕೆ ಕತ್ತರಿಸಿದ. ಎರಡೂ ಬದಿಗೆ, ಸಾಲುಗಳ ನಡುವೆ ಜಾಗವೇ ಇಲ್ಲದಂತೆ ಟೈಪ್ ಮಾಡಿ, ಕಂದು ಕಾಗದದಲ್ಲಿ ಸುತ್ತಿ ನ್ಯೂಯಾರ್ಕಿಗೆ ಕಳಿಸಿದ. ವಾಪಸು ಬಂತು. ಹಿತ್ತಲಿಗೆ ಒಯ್ದು ಸುಟ್ಟುಹಾಕಿದ. ಆ ಎರಡೂ ಬದಿ ತುಂಬುವ ಅಭ್ಯಾಸ ಎಲ್ಲಿಂದ ಬಂದಿರಬೇಕು ಎಂದು ನಾನು ಯೋಚಿಸಿದ್ದಿದೆ.

ಮುಂದಿನ ವರ್ಷಗಳನ್ನು ಬೇಗ ಹೇಳಿಬಿಡಬಹುದು. ಜೂನಿಯರ್ ಕಾಲೇಜು; 1953ರಿಂದ 55ರವರೆಗೆ ಸೈನ್ಯ, ಅದರಲ್ಲಿ ಒಂದಷ್ಟು ಕಾಲ ಗ್ವಾಮ್ ದ್ವೀಪದಲ್ಲಿ; ಸ್ಯಾನ್ ಫ್ರಾನ್ಸಿಸ್ಕೊ ಸ್ಟೇಟ್ ಕಾಲೇಜಿನ ಪತ್ರಿಕೆಯಲ್ಲಿ 1956ರಲ್ಲಿ ಮೊದಲ ಕಥೆ; 1957ರಲ್ಲಿ ಪದವಿ. ಆಗ ತನಗೆ ತಾನೇ ಹತ್ತು ವರ್ಷದ ಗಡುವು ಹಾಕಿಕೊಂಡರು, ಅಷ್ಟರೊಳಗೆ ಲೇಖಕನಾಗಬೇಕು. 1958ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ವಾಲೆಸ್ ಸ್ಟೆಗ್ನರ್ ನಡೆಸುತ್ತಿದ್ದ ಬರವಣಿಗೆಯ ಫೆಲೋಶಿಪ್ ಸಿಕ್ಕಿತು. ಅದೇ ತರಗತಿಯಲ್ಲಿ ಕೆಂಟಕಿಯ ರೈತ ಮನೆತನದ ವೆಂಡೆಲ್ ಬೆರಿ ಕೂಡ ಇದ್ದರು. ನೀನು ಯಾರಿಗಾಗಿ ಬರೆಯುತ್ತೀ ಎಂದು ಸ್ಟೆಗ್ನರ್ ಅಲ್ಲಿ ಗೇನ್ಸರನ್ನು ಕೇಳಿದ್ದರು. ಯಾರಿಗಾಗಿಯೂ ಅಲ್ಲ ಎಂಬ ಉತ್ತರ ಒಪ್ಪದೆ, ತಲೆಗೆ ಬಂದೂಕು ಹಿಡಿದು ಕೇಳಿದರೆ ಎಂದು ಒತ್ತಾಯಿಸಿದರು. ದಕ್ಷಿಣದ ಕಪ್ಪು ಹುಡುಗರಿಗಾಗಿ, ಅವರು ಯಾರೆಂದು ಅವರಿಗೆ ತಿಳಿಯಲಿ ಎಂದರು ಗೇನ್ಸ್. ಆಮೇಲೆ? ದಕ್ಷಿಣದ ಬಿಳಿಯ ಹುಡುಗರಿಗಾಗಿ. ಪಕ್ಕದ ಮನೆಯವನನ್ನು ಅರಿಯದಿದ್ದರೆ ಅವರಿಗೆ ತಾವು ಯಾರೆಂಬುದೂ ಅರ್ಧವೇ ತಿಳಿದಂತೆ.

ಬರೆಯಬೇಕಾದ್ದು ಏನೆಂದು ಗೊತ್ತಿತ್ತು, ಆದರೆ ಬರೆಯುವುದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕೂತು. ಸುಟ್ಟ ಕಾದಂಬರಿಯನ್ನೇ ಮತ್ತೆ ಬರೆಯಲು ಹೊರಟಿದ್ದರು. ಹಾಳೆಗಳು ರಾಶಿ ಬೀಳುತ್ತಿದ್ದವು, ಜೀವ ಬರುತ್ತಿರಲಿಲ್ಲ. 1962ರಲ್ಲಿ ಗೆಳೆಯರು ಮೆಕ್ಸಿಕೊಗೆ ಹೋಗಿ ನೆಮ್ಮದಿಯಾಗಿ ಬರೆಯೋಣ ಎಂದರು. ಗೇನ್ಸ್ ಒಪ್ಪಿದ್ದರು ಕೂಡ. ಅದೇ ಹೊತ್ತಿಗೆ ಜೇಮ್ಸ್ ಮೆರೆಡಿತ್ ಎಂಬ ಕಪ್ಪು ಯುವಕ ಮಿಸಿಸಿಪ್ಪಿ ವಿಶ್ವವಿದ್ಯಾಲಯಕ್ಕೆ ಸೇರಲು ಹೊರಟ. ಬಿಳಿಯರ ದಂಗೆಯೆದ್ದು, ಇಬ್ಬರು ಸತ್ತು, ಸಾವಿರಾರು ಸೈನಿಕರನ್ನು ಇಳಿಸಬೇಕಾಯಿತು. ಅವನು ಹಿಂದೆ ಸರಿಯಲಿಲ್ಲ. ದಕ್ಷಿಣದ ಬಗ್ಗೆ ಬರೆಯುವ ತಾನು ದಕ್ಷಿಣದಿಂದ ಓಡುತ್ತಿದ್ದೇನೆ ಎಂದು ಗೇನ್ಸರಿಗೆ ಅನ್ನಿಸಿದ್ದು ಆಗ. ಮೆಕ್ಸಿಕೊ ಬಿಟ್ಟರು. 1963ರ ಜನವರಿಯಲ್ಲಿ ಬ್ಯಾಟನ್ ರೂಜ್‌ಗೆ ಬಂದು ಆರು ತಿಂಗಳು ನಿಂತರು. ಕೇರಿಗೆ ಹೋಗಿ ಬಂದರು, ಮುದುಕರ ಜೊತೆ ಕೂತರು, ಗದ್ದೆ ಬದುವಿನಲ್ಲಿ ನಡೆದರು. ಆ ಪ್ರಯಾಣ ಮಾಡದಿದ್ದರೆ ತಾನು ಲೇಖಕನೇ ಆಗುತ್ತಿರಲಿಲ್ಲ ಎಂದು ಅವರು ಮುಂದೆ ಹೇಳಿಕೊಂಡಿದ್ದಾರೆ. ಮರುವರ್ಷ ‘ಕ್ಯಾಥರೀನ್ ಕಾರ್ಮಿಯರ್’ ಪ್ರಕಟವಾಯಿತು. ಹೆಚ್ಚು ಮಾರಾಟವಾಗಲಿಲ್ಲ. 1967ರಲ್ಲಿ ‘ಆಫ್ ಲವ್ ಆಂಡ್ ಡಸ್ಟ್’, 1968ರಲ್ಲಿ ಐದು ಕಥೆಗಳ ‘ಬ್ಲಡ್‌ಲೈನ್’. ಹತ್ತು ವರ್ಷದ ಗಡುವು ಮುಗಿಯುವ ಹೊತ್ತಿಗೆ ಅವರು ಲೇಖಕರಾಗಿದ್ದರು, ಬಡ ಲೇಖಕರು.

ಇಷ್ಟರಲ್ಲಿ ಅವರು ತಮ್ಮದೇ ಭೂಗೋಳ ಕಟ್ಟಿಕೊಂಡಿದ್ದರು. ನ್ಯೂ ರೋಡ್ಸ್ ಪಟ್ಟಣ ಕಥೆಗಳಲ್ಲಿ ಬೇಯಾನ್ ಆಯಿತು. ಜಿಲ್ಲೆಗೆ ಸೇಂಟ್ ರಾಫೆಲ್ ಪ್ಯಾರಿಷ್ ಎಂದು ಹೆಸರಿಟ್ಟರು. ಬೀದಿ ಬಿಡು ಎಂದು ಗದರಿ ಗ್ರಂಥಾಲಯಕ್ಕೆ ಅಟ್ಟಿದ ಮಲತಂದೆಯ ಹೆಸರು ಅದು.

1968ರಲ್ಲಿ ಶುರುಮಾಡಿದ ಮುಂದಿನ ಕಾದಂಬರಿ ಬೇರೆಯದೇ ಪಟ್ಟು ಹಿಡಿಯಿತು. ಗುಲಾಮಳಾಗಿ ಹುಟ್ಟಿ, ನೂರು ದಾಟಿ, ನಾಗರಿಕ ಹಕ್ಕಿನ ಚಳವಳಿಯವರೆಗೆ ಬದುಕಿದ ಒಬ್ಬ ಮುದುಕಿ. ಆಕೆ ಸತ್ತ ಮೇಲೆ ಜಗಲಿಯಲ್ಲಿ ಕೂತ ಜನ ಒಬ್ಬೊಬ್ಬರಾಗಿ ಅವಳ ಬಗ್ಗೆ ಹೇಳುವಂತೆ ಮೊದಲು ಬರೆದರು. ಬಹುಕಾಲ ಅದೇ ದಾರಿಯಲ್ಲಿ ಹೋದರು. ಏನೋ ತಪ್ಪಿದೆ ಅನ್ನಿಸುತ್ತಿತ್ತು. ಎಲ್ಲರೂ ಮಾತಾಡುತ್ತಿದ್ದಾರೆ, ಮುದುಕಿ ಮಾತ್ರ ಮಾತಾಡುತ್ತಿಲ್ಲ. ಕೊನೆಗೆ ಬರೆದದ್ದನ್ನು ಪಕ್ಕಕ್ಕಿಟ್ಟು ಅವಳ ಬಾಯಿಗೇ ಕಥೆ ಕೊಟ್ಟರು. 1930ರ ದಶಕದಲ್ಲಿ ಸರ್ಕಾರಿ ಯೋಜನೆಯೊಂದರಲ್ಲಿ ದಾಖಲಾಗಿದ್ದ, ಗುಲಾಮರಾಗಿದ್ದವರ ಹೇಳಿಕೆಗಳನ್ನು ಓದಿ ಆ ಮಾತಿನ ಲಯ ಹಿಡಿದರು. ಉಳಿದದ್ದು ಅಜ್ಜಿಯ ಜಗಲಿಯಲ್ಲಿ ನಿಂತು ಕೇಳಿದ್ದು. 1971ರಲ್ಲಿ ‘ದ ಆಟೋಬಯಾಗ್ರಫಿ ಆಫ್ ಮಿಸ್ ಜೇನ್ ಪಿಟ್‌ಮನ್’ ಹೊರಬಂತು. ಒಬ್ಬ ಇತಿಹಾಸದ ಮೇಷ್ಟ್ರು ಟೇಪ್ ರೆಕಾರ್ಡರ್ ಹಿಡಿದು ಜೇನ್ ಮುಂದೆ ಕೂರುವುದರಿಂದ ಕಥೆ ಶುರುವಾಗುತ್ತದೆ. ನಮ್ಮಲ್ಲಿ ಪುಸ್ತಕಗಳಿವೆಯಲ್ಲ, ಇವಳ ಮಾತೇಕೆ ಎಂದು ಪಕ್ಕದವರು ಕೇಳಿದರೆ, ಆ ಪುಸ್ತಕಗಳಲ್ಲಿ ಮಿಸ್ ಜೇನ್ ಇಲ್ಲ ಎನ್ನುವುದು ಮೇಷ್ಟ್ರ ಉತ್ತರದ ತಾತ್ಪರ್ಯ. ವಲೇಹೋ ಗ್ರಂಥಾಲಯದ ಹುಡುಗನ ದೂರು ಇಪ್ಪತ್ತು ವರ್ಷದ ನಂತರ ಕಾದಂಬರಿಯ ಬಾಗಿಲಾಗಿತ್ತು.

ಓದಿದ ಅನೇಕರು ಜೇನ್ ನಿಜವಾಗಿ ಬದುಕಿದ್ದವಳೆಂದೇ ನಂಬಿದರು. ಗೇನ್ಸ್ ಅದು ಕಾದಂಬರಿ ಎಂದು ಎಷ್ಟೋ ಕಡೆ ಹೇಳಬೇಕಾಯಿತು. 1974ರಲ್ಲಿ ಸಿಸಿಲಿ ಟೈಸನ್ ಅಭಿನಯಿಸಿದ ಟೆಲಿವಿಷನ್ ಚಿತ್ರ ದೇಶವೆಲ್ಲ ನೋಡಿತು, ಒಂಬತ್ತು ಎಮ್ಮಿ ಪ್ರಶಸ್ತಿ ಪಡೆಯಿತು. ಚಿತ್ರದ ಕೊನೆಯಲ್ಲಿ ಮುದುಕಿ ನ್ಯಾಯಾಲಯದ ಮುಂದೆ ಒಬ್ಬಳೇ ನಡೆದುಹೋಗಿ ಬಿಳಿಯರಿಗೆಂದು ಮೀಸಲಿದ್ದ ನಲ್ಲಿಯಲ್ಲಿ ನೀರು ಕುಡಿಯುತ್ತಾಳೆ. ಜನ ಮರೆಯದ ಆ ದೃಶ್ಯ ಪುಸ್ತಕದಲ್ಲಿ ಇಲ್ಲ. ಪುಸ್ತಕ ನಿಲ್ಲುವುದು ಅದಕ್ಕೂ ಮೊದಲೇ, ಯಜಮಾನನ ಎದುರು ಹಾದು ಜೇನ್ ಪಟ್ಟಣಕ್ಕೆ ಹೊರಡುವಲ್ಲಿ. ನನಗೆ ಪುಸ್ತಕದ ಕೊನೆಯೇ ಹೆಚ್ಚು ಇಷ್ಟ. ನೀರು ಕುಡಿಯುವುದಕ್ಕಿಂತ ಕೇರಿ ದಾಟುವುದೇ ಆ ಮುದುಕಿಗೆ ದೊಡ್ಡ ಕೆಲಸ.

ಆ ಕಾಲದಲ್ಲಿ ಗೇನ್ಸರನ್ನು ಎಲ್ಲರೂ ಮೆಚ್ಚಿದ್ದರೆಂದಲ್ಲ. ಅರವತ್ತು ಎಪ್ಪತ್ತರ ದಶಕ ಕಪ್ಪು ಕಲಾ ಚಳವಳಿಯ ಕಾಲ. ಬೀದಿಗಳು ಉರಿಯುತ್ತಿರುವಾಗ ಹಳ್ಳಿಯ ಮುದುಕರ ಕಥೆ ಯಾಕೆ, ಪ್ರತಿಭಟನೆಯ ಧ್ವನಿ ಎಲ್ಲಿ ಎಂದು ಕೆಲವರು ಕೇಳಿದರು. ಅವರ ಕಥೆಗಳ ನಿಜವಾದ ಚಿಂತೆ ಗಂಡಸುತನವೇ, ಹೆಂಗಸರು ಅದಕ್ಕೆ ಊರುಗೋಲು ಮಾತ್ರ ಎಂದು ಮುಂದಿನ ವಿಮರ್ಶಕರು ಹೇಳಿದ್ದಾರೆ. ಈ ಎರಡನೆಯ ಮಾತಿನಲ್ಲಿ ಹುರುಳಿಲ್ಲವೆನ್ನಲಾರೆ; ತಂದೆ ಬಿಟ್ಟುಹೋದ ಮಗ ಗಂಡಸು ಎಂದರೆ ಯಾರು ಎಂದು ಜೀವನಪೂರ್ತಿ ಕೇಳಿಕೊಂಡಿದ್ದಾನೆ. ಮೊದಲ ಆಕ್ಷೇಪಕ್ಕೆ ಉತ್ತರ ಕಾಲವೇ ಕೊಟ್ಟಿತು. ಪೊಲೀಸರ ದೌರ್ಜನ್ಯದ ಬಗ್ಗೆ ಬರೆಯಲು ಆಗ ಬಹಳ ಜನ ಇದ್ದರು. ಕಬ್ಬಿನ ಗದ್ದೆಯ ಹಿಂದೆ ಕಾಣದೆ ಹೋಗುತ್ತಿದ್ದ ಮನೆಗಳ ಬಗ್ಗೆ ಬರೆಯಲು ಮತ್ತೊಬ್ಬರಿರಲಿಲ್ಲ.

ಯಾಕೆಂದರೆ ಮನೆಗಳು ನಿಜವಾಗಿಯೂ ಕಾಣೆಯಾಗುತ್ತಿದ್ದವು. ಟ್ರ್ಯಾಕ್ಟರು, ಕಬ್ಬು ಕೊಯ್ಯುವ ಯಂತ್ರ ಬಂದ ಮೇಲೆ ಕೋರಿಗೆ ಮಾಡುವವರು ಬೇಡವಾದರು. ಯುವಕರು ಪಟ್ಟಣಕ್ಕೆ ಹೋದರು, ಮುದುಕರು ಉಳಿದರು, ಸತ್ತವರ ಗುಡಿಸಲುಗಳನ್ನು ಕಿತ್ತು ಆ ಜಾಗದವರೆಗೂ ಕಬ್ಬು ಹಾಕಿದರು. 1983ರ ‘ಎ ಗ್ಯಾದರಿಂಗ್ ಆಫ್ ಓಲ್ಡ್ ಮೆನ್’ ಈ ನೋವಿನಿಂದ ಹುಟ್ಟಿದ್ದು. ಒಬ್ಬ ಕೇಜನ್ ರೈತ ಕೇರಿಯಲ್ಲಿ ಗುಂಡು ತಗುಲಿ ಸತ್ತುಬಿದ್ದಿದ್ದಾನೆ, ಪಕ್ಕದಲ್ಲಿ ಅವನ ಟ್ರ್ಯಾಕ್ಟರು ಇನ್ನೂ ಗುಡುಗುಡು ಎನ್ನುತ್ತಿದೆ. ಶೆರೀಫ್ ಬರುವ ಹೊತ್ತಿಗೆ ಎಪ್ಪತ್ತು ಎಂಬತ್ತರ ಮುದುಕರು ಒಬ್ಬೊಬ್ಬರಾಗಿ ಹಳೆಯ ಕೋವಿ ಹಿಡಿದು ಬಂದು ಕೂತಿದ್ದಾರೆ. ಪ್ರತಿಯೊಬ್ಬನೂ ಕೊಂದದ್ದು ನಾನೇ ಅನ್ನುತ್ತಾನೆ. ಯಾಕೆ ಕೊಂದೆ ಎಂದರೆ ನಲವತ್ತು ಐವತ್ತು ವರ್ಷದ ಹಿಂದಿನ ಅವಮಾನವನ್ನು, ಸತ್ತ ತಮ್ಮನನ್ನು, ಅಳಿಸಿಹೋದ ಮನೆಯನ್ನು ಹೇಳುತ್ತಾನೆ. ಅವರಲ್ಲೊಬ್ಬನ ಚಿಂತೆ ಟ್ರ್ಯಾಕ್ಟರು ಒಂದು ದಿನ ಸಮಾಧಿಗಳನ್ನೂ ಉತ್ತುಬಿಡುತ್ತದೆ, ಇಲ್ಲಿ ನಾವು ಇದ್ದೆವು ಎನ್ನುವುದಕ್ಕೂ ಗುರುತು ಉಳಿಯುವುದಿಲ್ಲ ಎಂಬುದು. ಕಾದಂಬರಿಯ ಪಾತ್ರದ ಬಾಯಲ್ಲಿ ಬಂದ ಈ ಭಯವನ್ನು ಬರೆದವರು ತಮ್ಮೊಳಗೆ ಹೊತ್ತು ತಿರುಗುತ್ತಿದ್ದರು.

ಈ ಹೊತ್ತಿಗೆ ಅವರು ಲೂಯಿಸಿಯಾನಕ್ಕೆ ಮರಳಿದ್ದರು. 1981ರಲ್ಲಿ ಲಾಫಯೆಟ್‌ನ ಸೌತ್‌ವೆಸ್ಟರ್ನ್ ಲೂಯಿಸಿಯಾನ ವಿಶ್ವವಿದ್ಯಾಲಯ ಅವರನ್ನು ಅತಿಥಿಯಾಗಿ ಕರೆಯಿತು. 1983ರಲ್ಲಿ ಖಾಯಂ ಹುದ್ದೆ ಕೊಟ್ಟಿತು, ಇರಲು ಮನೆಯನ್ನೂ ಕೊಟ್ಟಿತು. ಇಲ್ಲಿ ನಿಂತು ಒಂದು ಲೆಕ್ಕ ಹಾಕಬೇಕು. ಗೇನ್ಸ್ ಊರು ಬಿಟ್ಟ 1948ರಲ್ಲಿ ಆ ಕಾಲೇಜು ಬಿಳಿಯರಿಗೆ ಮಾತ್ರ. ಅಲ್ಲಿ ಕಪ್ಪು ವಿದ್ಯಾರ್ಥಿಗಳು ಒಳಗೆ ಬಂದದ್ದು 1954ರಲ್ಲಿ, ನ್ಯಾಯಾಲಯದಲ್ಲಿ ಗೆದ್ದ ಮೇಲೆ. ಹದಿನೈದರ ಹುಡುಗನನ್ನು ವಿದ್ಯಾರ್ಥಿಯಾಗಿ ಸೇರಿಸಿಕೊಳ್ಳದಿದ್ದ ಜಾಗಕ್ಕೆ ಅವನು ಐವತ್ತರಲ್ಲಿ ಪ್ರಾಧ್ಯಾಪಕನಾಗಿ ಬಂದ. 2004ರವರೆಗೆ ಅಲ್ಲಿ ಕಥೆ ಬರೆಯುವುದನ್ನು ಕಲಿಸಿದರು. ವರ್ಷದ ಅರ್ಧ ಪಾಠ, ಇನ್ನರ್ಧ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಬರವಣಿಗೆ ಎಂಬ ಏರ್ಪಾಟು ಬಹುಕಾಲ ನಡೆಯಿತು. ಬರೆಯುವವರಿಗೆ ಏನು ಹೇಳುತ್ತೀರಿ ಎಂದು ಕೇಳಿದರೆ ಓದು ಎಂದು ಮೂರು ಸಲ, ಬರೆ ಎಂದು ಮೂರು ಸಲ ಹೇಳಿ ಸುಮ್ಮನಾಗುತ್ತಿದ್ದರು.

ಲಾಫಯೆಟ್ ಅವರಿಗೆ ಸಂಬಳ, ಮನೆ ಮಾತ್ರ ಕೊಡಲಿಲ್ಲ. ಅವರ ಅತಿ ದೊಡ್ಡ ಕಾದಂಬರಿಯನ್ನೂ ಕೊಟ್ಟಿತು. ಮರಣದಂಡನೆಯ ವಿಚಾರ ಅವರ ತಲೆಯಲ್ಲಿ ಮೊದಲಿನಿಂದ ಕುಟುಕುತ್ತಿತ್ತು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅವರಿದ್ದದ್ದು ಸ್ಯಾನ್ ಕ್ವೆಂಟಿನ್ ಸೆರೆಮನೆಗೆ ಕೊಲ್ಲಿಯ ಆಚೆ ದಡದಲ್ಲಿ. ಅಲ್ಲಿ ಶಿಕ್ಷೆ ಜಾರಿಯಾಗುತ್ತಿದ್ದ ಬೆಳಗುಗಳಲ್ಲಿ ಅವರಿಗೆ ಕೆಲಸ ಮಾಡಲಾಗುತ್ತಿರಲಿಲ್ಲ. ಸಾವಿಗೆ ದಿನ ಎಣಿಸುವ ಒಬ್ಬ ಯುವಕನನ್ನು 1980ರ ದಶಕದಲ್ಲೇ ಇಟ್ಟು ಬರೆಯಬೇಕೆಂದು ಯೋಚಿಸಿದ್ದರು. ಆಗ ಸಹೋದ್ಯೋಗಿಯೊಬ್ಬರು ವಿಲ್ಲಿ ಫ್ರಾನ್ಸಿಸ್‌ನ ಮೊಕದ್ದಮೆಯನ್ನು ನೆನಪಿಸಿದರು. ಲಾಫಯೆಟ್ ಪಕ್ಕದ ಸೇಂಟ್ ಮಾರ್ಟಿನ್‌ವಿಲ್‌ನಲ್ಲಿ ಔಷಧಿ ಅಂಗಡಿಯವನೊಬ್ಬನ ಕೊಲೆಗೆ ಈ ಕಪ್ಪು ಹುಡುಗನಿಗೆ ಮರಣದಂಡನೆಯಾಗಿತ್ತು. ಕೊಲೆ ನಡೆದಾಗ ಅವನಿಗೆ ಹದಿನೈದು. ಲೂಯಿಸಿಯಾನದ ಆಂಗೋಲಾ ಸೆರೆಮನೆಯಿಂದ ಲಾರಿಯಲ್ಲಿ ವಿದ್ಯುತ್ ಕುರ್ಚಿಯನ್ನು ಊರಿಂದೂರಿಗೆ ಒಯ್ಯುತ್ತಿದ್ದ ಕಾಲ. 1946ರ ಮೇ 3ರಂದು ಅವನನ್ನು ಕೂರಿಸಿ ವಿದ್ಯುತ್ ಹಾಯಿಸಿದರು. ಹುಡುಗ ಸಾಯಲಿಲ್ಲ, ನೋವಿನಿಂದ ಕೂಗಿಕೊಂಡ. ಒಮ್ಮೆ ಸಾಯಿಸಿದವನನ್ನು ಮತ್ತೆ ಸಾಯಿಸಬಹುದೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಯಿತು. ಐದಕ್ಕೆ ನಾಲ್ಕರಂತೆ, ಸಾಯಿಸಬಹುದು ಎಂದು ತೀರ್ಪಾಯಿತು. 1947ರ ಮೇ 9ರಂದು ಅದೇ ಕುರ್ಚಿಯಲ್ಲಿ ಮುಗಿಸಿದರು.

ಗೇನ್ಸ್ ತಮ್ಮ ಕಥೆಯನ್ನು 1948ಕ್ಕೆ ಹಿಂದೆ ಸರಿಸಿದರು. ತಾವು ಕೇರಿ ಬಿಟ್ಟ ವರ್ಷಕ್ಕೆ. ಫ್ರಾನ್ಸಿಸ್‌ನ ಕಥೆಯನ್ನೇ ಬರೆಯಲಿಲ್ಲ. ಅವರ ಜೆಫರ್ಸನ್ ಬೇರೆ, ಅವನ ಮೊಕದ್ದಮೆ ಬೇರೆ. ಅಜ್ಜಿಯ ಮನೆತನದ ಹೆಸರನ್ನೇ ಅವನಿಗೆ ಇಟ್ಟಿರುವುದನ್ನು ಗಮನಿಸಬೇಕು. ನ್ಯಾಯಾಲಯದಲ್ಲಿ ಅವನ ಪರ ವಕೀಲನೇ, ಇವನನ್ನು ಕುರ್ಚಿಗೆ ಹಾಕುವುದೂ ಒಂದೇ ಹಂದಿಯನ್ನು ಹಾಕುವುದೂ ಒಂದೇ ಎಂಬ ಅರ್ಥದ ವಾದ ಹೂಡುತ್ತಾನೆ. ಅವನ ದಂಡನೆ ತಪ್ಪುವುದಿಲ್ಲ, ಆ ಮಾತು ಮಾತ್ರ ಹುಡುಗನ ಒಳಗೆ ಇಳಿದುಬಿಡುತ್ತದೆ. ಅವನನ್ನು ಸಾಕಿದ ಮುದುಕಿಗೆ ಒಂದೇ ಹಟ: ಸಾಯುವುದಾದರೆ ಅವನು ಮನುಷ್ಯನಾಗಿ ಸಾಯಲಿ. ಕೇರಿಯ ಶಾಲೆಯ ಮೇಷ್ಟ್ರು ಗ್ರ್ಯಾಂಟ್ ವಿಗಿನ್ಸ್‌ನನ್ನು ಹಿಡಿದು ಸೆರೆಮನೆಗೆ ಕಳಿಸುತ್ತಾಳೆ. ಅವನಿಗೆ ಇಷ್ಟವಿಲ್ಲ, ಊರು ಬಿಟ್ಟು ಓಡುವುದೇ ಅವನ ಕನಸು. ತಿಂಗಳುಗಟ್ಟಲೆ ಜೆಫರ್ಸನ್ ಗೋಡೆಗೆ ಮುಖ ಮಾಡಿ ಮಲಗಿರುತ್ತಾನೆ. ಕೊನೆಗೆ ಮೇಷ್ಟ್ರು ಒಂದು ನೋಟ್‌ಬುಕ್ಕು, ಪೆನ್ಸಿಲ್ಲು ಕೊಟ್ಟು ಬರೆ ಅನ್ನುತ್ತಾನೆ. ಕಾಗುಣಿತವಿಲ್ಲ, ಚುಕ್ಕಿ ಅಲ್ಪವಿರಾಮವಿಲ್ಲ, ದೊಡ್ಡಕ್ಷರವಿಲ್ಲ. ಆ ಪುಟಗಳನ್ನು ಗೇನ್ಸ್ ಹಾಗೆಯೇ ಅಚ್ಚಿಗೆ ಕೊಟ್ಟಿದ್ದಾರೆ. ಹಿಂದೆ ಕೇರಿಯವರ ಪರವಾಗಿ ಹಾಳೆ ತುಂಬುತ್ತಿದ್ದ ಹುಡುಗ ಇಲ್ಲಿ ಪೆನ್ಸಿಲನ್ನು ಅವರ ಕೈಗೇ ಕೊಟ್ಟು ಪಕ್ಕಕ್ಕೆ ಸರಿದಿದ್ದಾನೆ. ಆ ಅಧ್ಯಾಯವನ್ನು ನಾನು ಒಂದೇ ಗುಕ್ಕಿಗೆ ಓದಲಾರದೆ ಎದ್ದು ಹೋಗಿದ್ದೇನೆ.

ಸುಮಾರು ಏಳು ವರ್ಷದ ದುಡಿಮೆಯ ಮೇಲೆ 1993ರಲ್ಲಿ ‘ಎ ಲೆಸನ್ ಬಿಫೋರ್ ಡೈಯಿಂಗ್’ ಪ್ರಕಟವಾಯಿತು. ಅದೇ ವರ್ಷ ಮ್ಯಾಕ್ ಆರ್ಥರ್ ಫೆಲೋಶಿಪ್ ಬಂತು, ಪುಸ್ತಕಕ್ಕೆ ರಾಷ್ಟ್ರೀಯ ಪುಸ್ತಕ ವಿಮರ್ಶಕರ ವಲಯದ ಪ್ರಶಸ್ತಿ ಬಂತು. ಅರವತ್ತನೆಯ ವಯಸ್ಸಿನಲ್ಲಿ ಮದುವೆಯೂ ಆಯಿತು, ವಕೀಲೆ ಡಯಾನ್ ಸಾಲ್ನಿ ಜೊತೆ. 1997ರಲ್ಲಿ ಓಪ್ರಾ ವಿನ್‌ಫ್ರಿ ತಮ್ಮ ಟೆಲಿವಿಷನ್ ಓದುಗರ ಬಳಗಕ್ಕೆ ಈ ಕಾದಂಬರಿಯನ್ನು ಆರಿಸಿದಾಗ ಅದು ಲಕ್ಷಾಂತರ ಮನೆ ಸೇರಿತು, ಶಾಲಾ ಪಠ್ಯವಾಯಿತು. ಸೆರೆಮನೆಯ ಸಹಾಯಕ ಶೆರೀಫ್ ಪಾಲ್ ಎಂಬ ಒಳ್ಳೆಯ ಬಿಳಿಯನ ಪಾತ್ರ ಬಿಳಿ ಓದುಗರಿಗೆ ಸುಲಭದ ಸಮಾಧಾನ ಕೊಡುವುದಿಲ್ಲವೇ ಎಂದು ವಿಮರ್ಶಕರು ಕೇಳಿದ್ದಿದೆ. ಸ್ಟೆಗ್ನರ್ ಪ್ರಶ್ನೆಗೆ ಕೊಟ್ಟ ಎರಡನೆಯ ಉತ್ತರವನ್ನು ನೆನೆದರೆ ಆ ಪಾತ್ರ ಯಾಕೆ ಅಲ್ಲಿದೆಯೆಂದು ತಿಳಿಯುತ್ತದೆ. 2000ದಲ್ಲಿ ಅಧ್ಯಕ್ಷ ಕ್ಲಿಂಟನ್ ಅವರಿಗೆ ಮಾನವಿಕ ಪದಕ ಕೊಟ್ಟರು, 2013ರಲ್ಲಿ ಅಧ್ಯಕ್ಷ ಒಬಾಮ ಕಲಾ ಪದಕ ಕೊಟ್ಟರು.

ಈ ಹೆಸರು, ಹಣ ಬಂದಾಗ ಅವರು ಮಾಡಿದ್ದು ಒಂದೇ: ಊರಿಗೆ ಹೋದರು. ಪೂರ್ವಜರು ಗುಲಾಮರಾಗಿ, ಆಮೇಲೆ ಕೋರಿನವರಾಗಿ ದುಡಿದ ಅದೇ ರಿವರ್ ಲೇಕ್ ಪ್ಲಾಂಟೇಶನ್ನಿನ ನೆಲದಲ್ಲಿ ಒಂದು ತುಂಡು ಕೊಂಡು, ಫಾಲ್ಸ್ ರಿವರ್ ಕಾಣುವಂತೆ ಮನೆ ಕಟ್ಟಿಸಿದರು. ಐದು ತಲೆಮಾರು ಆ ಮಣ್ಣು ಅಗೆದ ಮನೆತನದ ಹೆಸರಿಗೆ ಅದರ ಪತ್ರವಾಯಿತು. ಅಷ್ಟು ಹೊತ್ತಿಗೆ ಕೇರಿಯ ಗುಡಿಸಲುಗಳು ಹೆಚ್ಚುಕಡಿಮೆ ಎಲ್ಲ ಹೋಗಿದ್ದವು. ಚರ್ಚು ಮಾತ್ರ ನಿಂತಿತ್ತು, ವರ್ಷಕ್ಕೆ ಐದಾರು ತಿಂಗಳು ಶಾಲೆಯಾಗುತ್ತಿದ್ದ ಚರ್ಚು. ಅದನ್ನು ಎತ್ತಿ ತಂದು ತಮ್ಮ ಹಿತ್ತಲಲ್ಲಿ ಕೂರಿಸಿ ದುರಸ್ತಿ ಮಾಡಿಸಿದರು. ಹುಡುಗನಾಗಿದ್ದಾಗ ಮಂಡಿಯೂರಿ ಬರೆಯುತ್ತಿದ್ದ ಕಟ್ಟಡವನ್ನು ಮುದುಕರಾಗಿ ಕಿಟಕಿಯಿಂದ ನೋಡುತ್ತ ಕೂರಬಹುದಿತ್ತು.

ಇನ್ನುಳಿದದ್ದು ಸಮಾಧಿಗಳು. ಕಬ್ಬಿನ ಗದ್ದೆಯ ನಡುವೆ ಪೆಕಾನ್ ಮರಗಳ ಕೆಳಗೆ ಕೇರಿಯವರನ್ನು ಹೂಳುತ್ತಿದ್ದ ಜಾಗ. ಗುಲಾಮಗಿರಿಯ ಕಾಲದವರೂ ಅಲ್ಲೇ ಇದ್ದಾರೆ. ಕಲ್ಲು ಹಾಕಿಸುವ ಶಕ್ತಿ ಯಾರಿಗೂ ಇರಲಿಲ್ಲ, ಆದ್ದರಿಂದ ಹೆಚ್ಚಿನವಕ್ಕೆ ಹೆಸರಿಲ್ಲ, ಗುರುತೂ ಇಲ್ಲ. ಮರದ ಬೇರು, ಕಳೆ ಎಲ್ಲವನ್ನೂ ಮುಚ್ಚಿತ್ತು. ಆ ಜಾಗವನ್ನು ಉಳಿಸಿಕೊಳ್ಳದಿದ್ದರೆ ಟ್ರ್ಯಾಕ್ಟರು ಬರಲು ತಡವಿರಲಿಲ್ಲ. ಗೇನ್ಸ್ ದಂಪತಿ ಊರಿನ ವಂಶಸ್ಥರನ್ನು ಸೇರಿಸಿ ಮೌಂಟ್ ಜಾಯನ್ ರಿವರ್ ಲೇಕ್ ಸ್ಮಶಾನ ಸಂಘ ಕಟ್ಟಿದರು. ನವೆಂಬರ್ ಒಂದರ ಸರ್ವ ಸಂತರ ದಿನಕ್ಕೆ ಮೊದಲು ಬರುವ ಶನಿವಾರ ಎಲ್ಲೆಲ್ಲಿಗೋ ಹೋಗಿ ನೆಲೆಸಿದವರು ಬಂದು ಸೇರುತ್ತಿದ್ದರು. ಸಲಿಕೆ, ಕುಂಚ, ಸುಣ್ಣದ ಬಕೆಟ್ಟು. ಕಳೆ ಕೀಳುವುದು, ಇದ್ದ ಕಲ್ಲುಗಳಿಗೆ ಬಿಳಿ ಬಳಿಯುವುದು, ಹೂವಿಡುವುದು, ಆಮೇಲೆ ಒಟ್ಟಿಗೆ ಊಟ. ದೊಡ್ಡ ಟೋಪಿ ಹಾಕಿದ ಪ್ರಾಧ್ಯಾಪಕರೂ ಅವರ ನಡುವೆ ಇರುತ್ತಿದ್ದರು.

ಅವರು 2019ರ ನವೆಂಬರ್ 5ರಂದು ಆಸ್ಕರ್‌ನ ಆ ಮನೆಯಲ್ಲೇ, 86ನೆಯ ವಯಸ್ಸಿನಲ್ಲಿ ತೀರಿಕೊಂಡರು. 2023ರಲ್ಲಿ ಅಮೆರಿಕದ ಅಂಚೆ ಇಲಾಖೆ ಅವರ ಮುಖವಿರುವ ಚೀಟಿ ಹೊರತಂದಿತು; ಕಾಗದಗಳ ಮೇಲೆ ಅಂಟಿ ಅದು ಊರೂರಿಗೆ ಹೋಗುತ್ತಿದೆ. ಅವರನ್ನು ಹೂಳಿದ್ದು ಪೆಕಾನ್ ಮರಗಳ ಕೆಳಗಿನ ಆ ನೆಲದಲ್ಲೇ, ಜಗಲಿಯಲ್ಲಿ ಕೂತು ಕಾಗದ ಬರೆಸಿದವರ ಪಕ್ಕದಲ್ಲಿ. ಆಗಸ್ಟೀನ್ ಅಜ್ಜಿಯೂ ಅಲ್ಲೇ ಇದ್ದಾಳೆ. ಆಕೆಯ ಸಮಾಧಿಗೆ ಕಲ್ಲಿಲ್ಲ, ಆ ಮರಗಳ ಕೆಳಗೆ ಯಾವ ಅಂಗೈಯಗಲದ ನೆಲ ಅವಳದೆಂದು ಅವರಿಗೂ ಗೊತ್ತಿರಲಿಲ್ಲ. ಅದಕ್ಕೇ ಇರಬೇಕು, ಅವರು ಇಡೀ ಸ್ಮಶಾನದ ಕಳೆ ಕಿತ್ತರು.